ಸಂತಾನ ಚಿಕಿತ್ಸೆಯ ನಡುವೆ ಕಾಂಡಕೋಶ ದಾನದ ಕರೆ ಬಂದಾಗ

ಪ್ರಶ್ನೆ: ನನಗೆ 33 ವರ್ಷ, ಧಾರವಾಡದಲ್ಲಿ ಉಪನ್ಯಾಸಕಿ. ಬೆಂಗಳೂರಿನಲ್ಲಿ ಓದುತ್ತಿದ್ದಾಗ ಕಾಲೇಜಿನ ಶಿಬಿರದಲ್ಲಿ ಕೆನ್ನೆಯ ಒಳಭಾಗದ ಮಾದರಿ ಕೊಟ್ಟು ರಕ್ತದ ಕಾಂಡಕೋಶ (ಸ್ಟೆಮ್ ಸೆಲ್) ದಾನಿಯಾಗಿ ಹೆಸರು ಬರೆಸಿದ್ದೆ. ಮದುವೆಯ ನಂತರ ಮಕ್ಕಳಾಗದೆ ಐವಿಎಫ್ ಚಿಕಿತ್ಸೆ ಪಡೆದೆ. ಮೊದಲ ಸಲ ನಿಂತ ಗರ್ಭ ಎಂಟನೆಯ ವಾರಕ್ಕೆ ಹೋಯಿತು. ಈಗ ಎರಡನೆಯ ಸಲ ಅಂಡಾಣು ತೆಗೆದು, ಭ್ರೂಣಗಳನ್ನು ಶೈತ್ಯೀಕರಿಸಿ ಇಟ್ಟಿದ್ದಾರೆ. ಮುಂದಿನ ತಿಂಗಳು ಗರ್ಭಕೋಶಕ್ಕೆ ವರ್ಗಾಯಿಸುವ ಯೋಜನೆಯಿದೆ. ಇದೇ ಸಮಯಕ್ಕೆ ನೋಂದಣಿ ಸಂಸ್ಥೆಯಿಂದ ಕರೆ ಬಂದಿದೆ: ಒಬ್ಬ ರೋಗಿಗೆ ನನ್ನ ಕಾಂಡಕೋಶ ಹೊಂದುವ ಸಾಧ್ಯತೆ ಇದೆಯಂತೆ. ಈ ಚಿಕಿತ್ಸೆಯಿಂದ ನಾನು ದಾನಕ್ಕೆ ಅನರ್ಹಳಾದೆನೇ? ದಾನಕ್ಕಾಗಿ ಕೊಡುವ ಚುಚ್ಚುಮದ್ದಿನಿಂದ ಮುಂದೆ ಗರ್ಭಕ್ಕೆ ತೊಂದರೆಯಿದೆಯೇ? ಆಗುವುದಿಲ್ಲ ಎಂದರೆ ಒಂದು ಜೀವಕ್ಕೆ ಎರವಾದಂತೆ ಆಗುತ್ತದೆಯೇ? ಮನೆಯಲ್ಲಿ ಹಿರಿಯರಿಗೆ ಐವಿಎಫ್ ವಿಷಯ ಗೊತ್ತಿಲ್ಲ, ಸಂಸ್ಥೆಯವರಿಗೆ ಹೇಳಲೇಬೇಕೇ?

ಉತ್ತರ: ಸಂತಾನ ಚಿಕಿತ್ಸೆ ಪಡೆದಿದ್ದೀರಿ ಎಂಬ ಒಂದೇ ಕಾರಣಕ್ಕೆ ನೀವು ಶಾಶ್ವತವಾಗಿ ಅನರ್ಹರಾಗುವುದಿಲ್ಲ. ಆದರೆ ಚಿಕಿತ್ಸೆ ನಡೆಯುತ್ತಿರುವ ತಿಂಗಳುಗಳಲ್ಲಿ, ಗರ್ಭ ನಿಂತಿರಬಹುದಾದ ದಿನಗಳಲ್ಲಿ, ಗರ್ಭಾವಸ್ಥೆಯಲ್ಲಿ ಮತ್ತು ಹೆರಿಗೆಯಾದ ಮೇಲೆ ಕೆಲವು ತಿಂಗಳು ನೀವು ದಾನ ಮಾಡುವಂತಿಲ್ಲ. ಆ ಅವಧಿಗೆ ನೋಂದಣಿ ಸಂಸ್ಥೆ ನಿಮ್ಮ ಹೆಸರನ್ನು ತಾತ್ಕಾಲಿಕವಾಗಿ ತಡೆಹಿಡಿಯುತ್ತದೆ, ಪಟ್ಟಿಯಿಂದ ಅಳಿಸುವುದಿಲ್ಲ. ನಿಮ್ಮ ಸಂದರ್ಭದಲ್ಲಿ ಭ್ರೂಣಗಳು ಈಗಾಗಲೇ ಶೈತ್ಯೀಕರಣದಲ್ಲಿ ಇರುವುದರಿಂದ ಆಯ್ಕೆಗೆ ಸ್ವಲ್ಪ ಜಾಗವಿದೆ. ಆ ಜಾಗ ಉಳಿಯಬೇಕಾದರೆ ನೀವು ಈಗಲೇ, ವರ್ಗಾವಣೆಯ ದಿನ ಗೊತ್ತಾಗುವುದಕ್ಕೆ ಮುಂಚೆಯೇ, ಸಂಸ್ಥೆಯವರಿಗೆ ಎಲ್ಲವನ್ನೂ ತಿಳಿಸಬೇಕು. ನನ್ನ ಉತ್ತರದ ತಿರುಳು ಇದೇ. ಉಳಿದದ್ದೆಲ್ಲ ಇದಕ್ಕೆ ಕಾರಣಗಳು.

ಮೊದಲು ದಾನದ ವಿಧಾನವನ್ನು ನೋಡೋಣ, ಏಕೆಂದರೆ ನಿಷೇಧದ ಕಾರಣ ಅದರಲ್ಲೇ ಇದೆ. ಇಂದು ಹೆಚ್ಚಿನ ದಾನಗಳು ರಕ್ತನಾಳದ ಮೂಲಕವೇ ನಡೆಯುತ್ತವೆ. ಮೂಳೆಯ ಮಜ್ಜೆಯೊಳಗಿದ್ದು ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳು ರಕ್ತಕ್ಕೆ ಇಳಿದು ಬರುವಂತೆ ಮಾಡಲು ಜಿ-ಸಿಎಸ್‌ಎಫ್ ಎಂಬ ಔಷಧವನ್ನು, ಸಾಮಾನ್ಯವಾಗಿ ಫಿಲ್‌ಗ್ರಾಸ್ಟಿಮ್ ರೂಪದಲ್ಲಿ, ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 10 ಮೈಕ್ರೋಗ್ರಾಂನಂತೆ ನಾಲ್ಕೈದು ದಿನ ಚರ್ಮದಡಿಗೆ ಚುಚ್ಚುತ್ತಾರೆ. ಐದನೆಯ ದಿನ ಒಂದು ತೋಳಿನಿಂದ ರಕ್ತವನ್ನು ಯಂತ್ರಕ್ಕೆ ಹರಿಸಿ, ಕಾಂಡಕೋಶಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ಇನ್ನೊಂದು ತೋಳಿಗೆ ಹಿಂತಿರುಗಿಸುತ್ತಾರೆ. ಇದಕ್ಕೆ ನಾಲ್ಕರಿಂದ ಆರು ಗಂಟೆ ಬೇಕು. ಇನ್ನೊಂದು ವಿಧಾನ ಸೊಂಟದ ಹಿಂಬದಿಯ ಮೂಳೆಯಿಂದ ನೇರವಾಗಿ ಮಜ್ಜೆ ತೆಗೆಯುವುದು. ಅದಕ್ಕೆ ಪೂರ್ಣ ಅರಿವಳಿಕೆ ಬೇಕು, ದಾನಿಯ ದೇಹದಿಂದ ಗಣನೀಯ ಪ್ರಮಾಣದ ರಕ್ತವೂ ಹೋಗುತ್ತದೆ. ಥಲಸ್ಸೀಮಿಯಾ, ಏಪ್ಲಾಸ್ಟಿಕ್ ಅನೀಮಿಯಾ ಮುಂತಾದ ರಕ್ತದ ರೋಗಗಳಲ್ಲಿ, ಅದರಲ್ಲೂ ರೋಗಿ ಮಗುವಾಗಿದ್ದರೆ, ವೈದ್ಯರು ಮಜ್ಜೆಯನ್ನೇ ಕೇಳುವುದುಂಟು.

ಈ ಎರಡು ವಿಧಾನಗಳಲ್ಲಿ ಯಾವುದನ್ನೂ ಗರ್ಭಿಣಿಗೆ ಮಾಡುವುದಿಲ್ಲ. ಅರಿವಳಿಕೆ ಮತ್ತು ರಕ್ತನಷ್ಟ ಗರ್ಭಕ್ಕೆ ಸಲ್ಲದು ಎಂಬುದು ಯಾರಿಗಾದರೂ ಅರ್ಥವಾಗುತ್ತದೆ. ಜಿ-ಸಿಎಸ್‌ಎಫ್ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಇದು ನಮ್ಮ ದೇಹವೇ ತಯಾರಿಸುವ ಒಂದು ಪ್ರೋಟೀನಿನ ಪ್ರತಿರೂಪ. ಹುಟ್ಟಿನಿಂದಲೇ ಬಿಳಿ ರಕ್ತಕಣಗಳ ಕೊರತೆಯಿರುವ ಕೆಲವು ಮಹಿಳೆಯರು ಗರ್ಭಾವಸ್ಥೆಯಲ್ಲಿಯೂ ಇದನ್ನು ಪಡೆದದ್ದುಂಟು, ಏಕೆಂದರೆ ಅವರಿಗೆ ಅದು ಜೀವರಕ್ಷಕ. ಆದರೆ ದಾನಿಯ ಸ್ಥಿತಿ ಅದಲ್ಲ. ದಾನಿ ಆರೋಗ್ಯವಂತೆ, ಔಷಧದಿಂದ ಆಕೆಯ ಸ್ವಂತ ದೇಹಕ್ಕೆ ಯಾವ ಲಾಭವೂ ಇಲ್ಲ. ಮೊಲಗಳ ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನ ಪ್ರಮಾಣದ ಫಿಲ್‌ಗ್ರಾಸ್ಟಿಮ್ ಗರ್ಭನಷ್ಟಕ್ಕೆ ಕಾರಣವಾದದ್ದು ದಾಖಲಾಗಿದೆ; ಮನುಷ್ಯರಲ್ಲಿ ಅಂಥದ್ದು ಸಾಬೀತಾಗಿಲ್ಲವಾದರೂ, ಪರೋಪಕಾರಕ್ಕೆಂದು ಬಂದ ಹೆಣ್ಣುಮಗಳ ಗರ್ಭವನ್ನು ಅನುಮಾನದ ಅಂಚಿಗೆ ಒಡ್ಡುವ ಹಕ್ಕು ಯಾವ ವೈದ್ಯರಿಗೂ ಇಲ್ಲ. ಆದ್ದರಿಂದಲೇ ಜಗತ್ತಿನೆಲ್ಲೆಡೆ ನೋಂದಣಿ ಸಂಸ್ಥೆಗಳು ದಾನದ ಮುನ್ನ ಗರ್ಭ ಪರೀಕ್ಷೆ ಮಾಡಿಸುತ್ತವೆ, ಚುಚ್ಚುಮದ್ದು ನಡೆಯುವ ದಿನಗಳಲ್ಲಿ ಗರ್ಭ ನಿಲ್ಲದಂತೆ ಎಚ್ಚರ ವಹಿಸಲು ಹೇಳುತ್ತವೆ.

ಅಚ್ಚರಿಯೆಂದರೆ ಕೆಲವು ಸಂತಾನ ಚಿಕಿತ್ಸಾ ಕೇಂದ್ರಗಳಲ್ಲಿ, ಗರ್ಭಕೋಶದ ಒಳಪದರ ತೆಳ್ಳಗಿರುವವರಿಗೆ ಅಥವಾ ಭ್ರೂಣ ಪದೇಪದೇ ಅಂಟಿಕೊಳ್ಳದವರಿಗೆ ಇದೇ ಜಿ-ಸಿಎಸ್‌ಎಫ್ ಕೊಡುವ ರೂಢಿಯಿದೆ. ಪ್ರಮಾಣ ಬೇರೆ, ಉದ್ದೇಶ ಬೇರೆ, ಕೆಲವೊಮ್ಮೆ ಕೊಡುವ ಜಾಗವೂ ಬೇರೆ. ನಿಮಗೆ ಅದನ್ನು ಕೊಟ್ಟಿದ್ದರೆ ದಿನಾಂಕದೊಂದಿಗೆ ತಿಳಿಸಿ. ಒಮ್ಮೆ ಪಡೆದಿದ್ದೇನೆ, ಏನೂ ಆಗಲಿಲ್ಲ, ಆದ್ದರಿಂದ ಗರ್ಭಾವಸ್ಥೆಯಲ್ಲೂ ದಾನ ಮಾಡಬಹುದು ಎಂಬ ತೀರ್ಮಾನಕ್ಕೆ ಮಾತ್ರ ಬರಬೇಡಿ.

ಸಾಮಾನ್ಯ ಮಹಿಳಾ ದಾನಿಗೂ ಐವಿಎಫ್ ಚಿಕಿತ್ಸೆಯಲ್ಲಿರುವ ದಾನಿಗೂ ಇರುವ ಮುಖ್ಯ ವ್ಯತ್ಯಾಸ ಭ್ರೂಣ ವರ್ಗಾವಣೆಯ ನಂತರದ ಎರಡು ವಾರಗಳಲ್ಲಿದೆ. ವರ್ಗಾವಣೆಯಾದ ಮರುದಿನ ರಕ್ತಪರೀಕ್ಷೆ ಮಾಡಿದರೆ ಗರ್ಭವಿಲ್ಲ ಎಂದೇ ಬರುತ್ತದೆ. ಭ್ರೂಣ ಅಂಟಿಕೊಂಡು ಎಚ್‌ಸಿಜಿ ಹಾರ್ಮೋನು ರಕ್ತದಲ್ಲಿ ಕಾಣಿಸಿಕೊಳ್ಳಲು ದಿನಗಳು ಬೇಕು. ಆ ಅವಧಿಯಲ್ಲಿ ಪರೀಕ್ಷೆಯ ಫಲಿತಾಂಶವನ್ನು ನಂಬಿ ಚುಚ್ಚುಮದ್ದು ಆರಂಭಿಸುವುದು ಕಣ್ಣುಮುಚ್ಚಿ ನಡೆದಂತೆ. ಇದಕ್ಕೆ ತದ್ವಿರುದ್ಧವಾದ ಗೊಂದಲವೂ ಇದೆ. ಅಂಡಾಣು ಪಕ್ವವಾಗಲೆಂದು ಕೊನೆಯಲ್ಲಿ ಕೊಡುವ ಚುಚ್ಚುಮದ್ದಿನಲ್ಲಿ ಅನೇಕ ಸಲ ಎಚ್‌ಸಿಜಿಯೇ ಇರುತ್ತದೆ, 5,000ದಿಂದ 10,000 ಯೂನಿಟ್‌ನಷ್ಟು. ಅದು ದೇಹದಿಂದ ಪೂರ್ತಿ ಹೊರಹೋಗಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯಬಹುದು, ಅಷ್ಟು ದಿನ ಗರ್ಭವಿಲ್ಲದಿದ್ದರೂ ಪರೀಕ್ಷೆಯಲ್ಲಿ ಇದೆ ಎಂದು ತೋರಬಹುದು. ದಾನಿ ಈ ಚುಚ್ಚುಮದ್ದಿನ ವಿಷಯ ಮುಚ್ಚಿಟ್ಟರೆ ಪರೀಕ್ಷಕ ವೈದ್ಯರಿಗೆ ಫಲಿತಾಂಶ ಓದುವುದೇ ಸಾಧ್ಯವಾಗುವುದಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆಂದರೆ ಆ ಕಡೆ ಒಬ್ಬ ರೋಗಿ ಇದ್ದಾರೆ. ಕಸಿಗೆ ಮುಂಚೆ, ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ, ರೋಗಿಗೆ ತೀವ್ರ ಕೀಮೋಥೆರಪಿಯನ್ನೂ ಕೆಲವರಿಗೆ ವಿಕಿರಣವನ್ನೂ ಕೊಟ್ಟು ಅವರ ಸ್ವಂತ ಮಜ್ಜೆಯನ್ನು ನಾಶಮಾಡುತ್ತಾರೆ. ಅದು ಆರಂಭವಾದ ಮೇಲೆ ಹಿಂತಿರುಗುವ ದಾರಿಯಿಲ್ಲ. ಆ ಘಟ್ಟದಲ್ಲಿ ದಾನಿ ಗರ್ಭಿಣಿ ಎಂದು ತಿಳಿದು ದಾನ ನಿಂತರೆ, ರೋಗಿಯ ದೇಹದಲ್ಲಿ ರಕ್ತ ಉತ್ಪಾದಿಸುವ ಕೋಶಗಳೇ ಇಲ್ಲದ ಸ್ಥಿತಿ ಬರುತ್ತದೆ. ಸೋಂಕಿನಿಂದಲೋ ರಕ್ತಸ್ರಾವದಿಂದಲೋ ಪ್ರಾಣಕ್ಕೆ ಅಪಾಯ. ದಾನಿಗೆ ಹಿಂದೆ ಸರಿಯುವ ಹಕ್ಕು ಕೊನೆಯ ಕ್ಷಣದವರೆಗೂ ಇದೆ, ಯಾರೂ ಬಲವಂತ ಮಾಡುವಂತಿಲ್ಲ. ಆದರೆ ಇಂದು ಹೇಳುವ ಇಲ್ಲ ಎಂಬ ಮಾತಿಗೂ ರೋಗಿಯ ಮಜ್ಜೆ ನಾಶವಾದ ಮೇಲೆ ಹೇಳುವ ಅದೇ ಮಾತಿಗೂ ಪರಿಣಾಮದಲ್ಲಿ ಭೂಮಿ ಆಕಾಶಗಳ ಅಂತರವಿದೆ. ಈಗ ಇಲ್ಲ ಎಂದರೆ ವೈದ್ಯರು ಬೇರೆ ದಾರಿ ಹುಡುಕುತ್ತಾರೆ.

ಇದೇ ಕಾರಣಕ್ಕೆ ನಿಮ್ಮ ಮೂರನೆಯ ಪ್ರಶ್ನೆಗೆ, ನಿಮ್ಮ ಮನಸ್ಸನ್ನು ಹೆಚ್ಚು ಕಾಡುತ್ತಿರುವಂತೆ ತೋರುವ ಪ್ರಶ್ನೆಗೆ, ಇಲ್ಲೇ ಉತ್ತರಿಸುತ್ತೇನೆ. ಈಗ ಆಗುವುದಿಲ್ಲ ಎಂದರೆ ನೀವು ಯಾರ ಜೀವಕ್ಕೂ ಎರವಾದಂತಲ್ಲ. ಮೊದಲ ಕರೆಯ ನಂತರ ರಕ್ತದ ಮಾದರಿ ತೆಗೆದು ಎಚ್‌ಎಲ್‌ಎ ಹೊಂದಾಣಿಕೆಯನ್ನು, ಅಂದರೆ ಕೋಶಗಳ ಮೇಲಿನ ವಂಶಪಾರಂಪರ್ಯದ ಗುರುತುಗಳು ಹೊಂದುತ್ತವೆಯೇ ಎಂಬುದನ್ನು, ಖಚಿತಪಡಿಸಿಕೊಳ್ಳುತ್ತಾರೆ. ಹೀಗೆ ಕರೆ ಬಂದವರಲ್ಲಿ ಎಲ್ಲರೂ ದಾನದವರೆಗೆ ಹೋಗುವುದಿಲ್ಲ, ಒಬ್ಬ ರೋಗಿಗೆ ಹಲವರನ್ನು ಏಕಕಾಲಕ್ಕೆ ಪರಿಶೀಲಿಸುವುದೂ ಇದೆ. ಜಗತ್ತಿನ ನೋಂದಣಿಗಳಲ್ಲಿ ಒಟ್ಟಾಗಿ ನಾಲ್ಕು ಕೋಟಿಗೂ ಹೆಚ್ಚು ಹೆಸರುಗಳಿವೆ. ಆದರೆ ಎಚ್‌ಎಲ್‌ಎ ಗುರುತುಗಳು ವಂಶ, ಪ್ರದೇಶಗಳಿಗೆ ತಕ್ಕಂತೆ ಬೇರೆಯಾಗುವುದರಿಂದ ಭಾರತೀಯ ರೋಗಿಗೆ ಭಾರತೀಯ ಮೂಲದ ದಾನಿ ಸಿಗುವ ಸಂಭವವೇ ಹೆಚ್ಚು. ನಮ್ಮ ದೇಶದ ದಾನಿಗಳ ಸಂಖ್ಯೆ ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆ ಎಂಬುದು ನಿಜವಾದ ಕೊರತೆ, ಅದರ ಹೊಣೆ ನಿಮ್ಮೊಬ್ಬರ ಹೆಗಲ ಮೇಲಿಲ್ಲ. ಜೊತೆಗೆ, ಅರ್ಧ ಹೊಂದಾಣಿಕೆಯಿರುವ ತಂದೆ, ತಾಯಿ, ಮಕ್ಕಳು ಅಥವಾ ಒಡಹುಟ್ಟಿದವರಿಂದ ಕೋಶ ಪಡೆದು, ಕಸಿಯ ನಂತರ ಸೈಕ್ಲೊಫಾಸ್ಫಮೈಡ್ ಔಷಧ ಕೊಡುವ ವಿಧಾನ ಇಂದು ಭಾರತದ ಅನೇಕ ಕೇಂದ್ರಗಳಲ್ಲಿ ನಡೆಯುತ್ತಿದೆ. ಹೀಗೆ ರೋಗಿಯ ವೈದ್ಯರ ಕೈಯಲ್ಲಿ ಬೇರೆ ಆಯ್ಕೆಗಳಿರುತ್ತವೆ, ಅವುಗಳನ್ನು ಬಳಸಲು ಅವರಿಗೆ ಸಮಯ ಬೇಕು ಅಷ್ಟೆ.

ಇನ್ನು ನಿಮ್ಮ ದೇಹದ ಸ್ಥಿತಿ. ಅಂಡಾಣು ತೆಗೆಯಲು ಹತ್ತು ಹನ್ನೆರಡು ದಿನ ಅಂಡಾಣು ಬೆಳೆಸುವ ಹಾರ್ಮೋನುಗಳಾದ ಎಫ್‌ಎಸ್‌ಎಚ್ ಅಥವಾ ಎಚ್‌ಎಂಜಿ ಚುಚ್ಚುಮದ್ದು ಪಡೆದಾಗ ಅಂಡಾಶಯಗಳು ಹಿಗ್ಗುತ್ತವೆ, ರಕ್ತದಲ್ಲಿ ಈಸ್ಟ್ರೊಜೆನ್ ಮಟ್ಟ ಸಹಜಕ್ಕಿಂತ ಬಹಳ ಮೇಲೇರುತ್ತದೆ. ಈಸ್ಟ್ರೊಜೆನ್ ಏರಿದಾಗ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯೂ ಏರುತ್ತದೆ. ಕೆಲವರಲ್ಲಿ ಅಂಡಾಶಯದ ಅತಿಪ್ರಚೋದನೆಯಾಗಿ ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ಮಂದವಾಗುವುದು, ಅಪರೂಪಕ್ಕೆ ನಾಳಗಳಲ್ಲಿ ಗರಣೆ ಕಟ್ಟುವುದು ಆಗುತ್ತದೆ. ಜಿ-ಸಿಎಸ್‌ಎಫ್ ಕೂಡ ಬಿಳಿ ರಕ್ತಕಣಗಳನ್ನು ಹಲವು ಪಟ್ಟು ಏರಿಸಿ, ಗುಲ್ಮವನ್ನು ತಾತ್ಕಾಲಿಕವಾಗಿ ಹಿಗ್ಗಿಸುತ್ತದೆ, ಹೆಪ್ಪುಗಟ್ಟುವಿಕೆಯ ಸಮತೋಲನವನ್ನೂ ಸ್ವಲ್ಪ ಬದಲಿಸುತ್ತದೆ. ಈ ಎರಡನ್ನೂ ಒಂದರ ಮೇಲೊಂದು ಹೇರುವುದನ್ನು ಯಾವ ವಿವೇಕಿ ವೈದ್ಯರೂ ಒಪ್ಪುವುದಿಲ್ಲ. ಆದ್ದರಿಂದ ಪ್ರಚೋದನೆಯ ಆವೃತ್ತಿ ಮುಗಿದು, ಮುಟ್ಟು ಬಂದು, ಅಂಡಾಶಯಗಳು ಮೊದಲಿನ ಗಾತ್ರಕ್ಕೆ ಮರಳಿದ್ದು ಸ್ಕ್ಯಾನಿಂಗ್‌ನಲ್ಲಿ ಖಚಿತವಾದ ಮೇಲೆಯೇ ದಾನದ ಮಾತು. ಅತಿಪ್ರಚೋದನೆ ಆಗಿದ್ದರೆ ಇನ್ನೂ ಹೆಚ್ಚು ಕಾಯಬೇಕು. ಕ್ಲೋಮಿಫೀನ್ ಅಥವಾ ಲೆಟ್ರೊಜೋಲ್ ಮಾತ್ರೆ ನುಂಗಿ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವುದು) ಮಾಡಿಸಿಕೊಳ್ಳುವವರಿಗೆ ಔಷಧದ ಭಾರ ಇಷ್ಟಿಲ್ಲ. ಆದರೆ ಆ ತಿಂಗಳು ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ ಅವರೂ ಕಾಯಬೇಕು.

ನಿಮ್ಮ ಭ್ರೂಣಗಳು ಶೈತ್ಯೀಕರಣದಲ್ಲಿ ಇವೆ. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಟ್ಟ ಭ್ರೂಣಕ್ಕೆ ವಯಸ್ಸಾಗುವುದಿಲ್ಲ. ಎರಡು ಮೂರು ತಿಂಗಳು ತಡವಾದರೆ ಅದರ ಗುಣಮಟ್ಟ ಕುಸಿಯುವುದಿಲ್ಲ. ಇದು ನಿಮ್ಮ ಅನುಕೂಲಕ್ಕಿರುವ ದೊಡ್ಡ ಸಂಗತಿ. ಇದರಿಂದ ಎರಡು ದಾರಿಗಳು ತೆರೆಯುತ್ತವೆ. ಒಂದು, ವರ್ಗಾವಣೆಯನ್ನು ಮುಂದೂಡಿ, ದಾನ ಮುಗಿಸಿ, ಚೇತರಿಸಿಕೊಂಡು ನಂತರ ಭ್ರೂಣ ವರ್ಗಾವಣೆ. ಎರಡು, ಈಗಿನ ಯೋಜನೆಯಂತೆಯೇ ಮುಂದುವರಿದು, ಸಂಸ್ಥೆಗೆ ಸದ್ಯಕ್ಕೆ ಲಭ್ಯಳಿಲ್ಲ ಎಂದು ತಿಳಿಸುವುದು. ಅಂಡಾಣು ತೆಗೆಯುವುದೇ ಬಾಕಿಯಿದ್ದು, ಅಂಡಾಶಯದ ಸಂಗ್ರಹ ಬೇಗ ಬೇಗ ಇಳಿಯುತ್ತಿರುವ 38 ಅಥವಾ 40 ವಯಸ್ಸಿನ ಮಹಿಳೆಯೊಬ್ಬರು ಇದೇ ಪ್ರಶ್ನೆ ಕೇಳಿದ್ದರೆ, ನಾನು ಯಾವ ಹಿಂಜರಿಕೆಯೂ ಇಲ್ಲದೆ ಮೊದಲು ನಿಮ್ಮ ಚಿಕಿತ್ಸೆ ನೋಡಿಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ವಿಷಯದಲ್ಲಿ ಎರಡೂ ಸಮಂಜಸವೇ. ಯಾವುದನ್ನು ಆರಿಸಬೇಕೆಂದು ಹೇಳುವ ಅಧಿಕಾರ ನನಗಿಲ್ಲ, ನೋಂದಣಿ ಸಂಸ್ಥೆಗೂ ಇಲ್ಲ, ಮನೆಯ ಹಿರಿಯರಿಗೂ ಇಲ್ಲ. ಒಮ್ಮೆ ಗರ್ಭ ಕಳೆದುಕೊಂಡ ನೋವಿನಲ್ಲಿ ಇನ್ನೊಂದು ತಿಂಗಳು ಕಾಯುವುದೂ ಕಷ್ಟ ಎನಿಸಿದರೆ ಅದು ಸ್ವಾರ್ಥವಲ್ಲ.

ಮೊದಲ ದಾರಿ ಹಿಡಿಯುವುದಾದರೆ ರೋಗಿಯ ಕಡೆಯ ವೇಳಾಪಟ್ಟಿಯನ್ನು ನೋಂದಣಿ ಸಂಸ್ಥೆಯ ಸಂಯೋಜಕರ ಮೂಲಕ ಕೇಳಿ. ತೀವ್ರ ರಕ್ತ ಕ್ಯಾನ್ಸರ್ ಇರುವ ರೋಗಿಗೆ ವಾರಗಳ ಲೆಕ್ಕ, ಥಲಸ್ಸೀಮಿಯಾ ಇರುವ ಮಗುವಿಗೆ ಸಾಮಾನ್ಯವಾಗಿ ತಿಂಗಳುಗಳ ಅವಕಾಶ ಇರುತ್ತದೆ. ಇನ್ನೊಂದು ಉಪಾಯವನ್ನೂ ಕೇಳಿ ನೋಡಿ. ದಾನಿಯಿಂದ ಕೋಶಗಳನ್ನು ಮೊದಲೇ ಸಂಗ್ರಹಿಸಿ, ಶೈತ್ಯೀಕರಿಸಿ ಇಟ್ಟು, ಅವು ಆಸ್ಪತ್ರೆ ತಲುಪಿದ ಮೇಲೆ ರೋಗಿಗೆ ಕೀಮೋ ಆರಂಭಿಸುವ ಕ್ರಮವಿದೆ. 2020ರಲ್ಲಿ ಕೋವಿಡ್‌ನಿಂದ ಪ್ರಯಾಣಗಳು ಅನಿಶ್ಚಿತವಾದಾಗ ಅನೇಕ ದೇಶಗಳಲ್ಲಿ ಇದು ವ್ಯಾಪಕವಾಗಿ ಬಳಕೆಗೆ ಬಂತು. ಎಲ್ಲ ರೋಗಗಳಲ್ಲೂ ವೈದ್ಯರು ಇದನ್ನು ಒಪ್ಪುವುದಿಲ್ಲ. ಒಪ್ಪಿದರೆ ನಿಮ್ಮ ದಿನಾಂಕಕ್ಕೂ ರೋಗಿಯ ದಿನಾಂಕಕ್ಕೂ ಇರುವ ಬಿಗಿಯಾದ ಗಂಟು ಸಡಿಲವಾಗುತ್ತದೆ.

ದಾನದ ನಂತರ ಗರ್ಭಧಾರಣೆಗೆ ತೊಂದರೆಯೇ ಎಂಬ ನಿಮ್ಮ ಎರಡನೆಯ ಪ್ರಶ್ನೆ. ಕಾಂಡಕೋಶ ದಾನದಿಂದ ಸಂತಾನಶಕ್ತಿ ಕುಂದುತ್ತದೆ ಎಂಬುದಕ್ಕೆ ಆಧಾರವಿಲ್ಲ. ಫಿಲ್‌ಗ್ರಾಸ್ಟಿಮ್ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕಿಳಿಯುವ ಔಷಧ. ಕೊನೆಯ ಚುಚ್ಚುಮದ್ದಿನ ಕೆಲವು ದಿನಗಳ ನಂತರ ಅದರ ಅಂಶ ಉಳಿಯುವುದಿಲ್ಲ. ಮೂಳೆನೋವು, ತಲೆನೋವು, ಮೈಕೈ ನೋವು ಬಹುಮಂದಿಗೆ ಆಗುತ್ತವೆ, ಬೇಗನೆ ಇಳಿಯುತ್ತವೆ. ಅಂಡಾಶಯದ ಅಂಡಾಣುಗಳ ಸಂಗ್ರಹಕ್ಕೂ ಮಜ್ಜೆಯ ಕಾಂಡಕೋಶಗಳಿಗೂ ಸಂಬಂಧವಿಲ್ಲ. ಒಂದನ್ನು ಕೊಟ್ಟರೆ ಇನ್ನೊಂದು ಬರಿದಾಗುವುದಿಲ್ಲ. ಆದರೂ ವರ್ಗಾವಣೆಗೆ ಮುಂಚೆ ನಿಮ್ಮ ರಕ್ತಕಣಗಳ ಎಣಿಕೆ ಸಹಜ ಮಟ್ಟಕ್ಕೆ ಬಂದಿರುವುದನ್ನು ಪರೀಕ್ಷಿಸಿಕೊಳ್ಳಬೇಕು. ಮೂಳೆಯಿಂದ ಮಜ್ಜೆ ತೆಗೆದಿದ್ದರೆ ಹಿಮೋಗ್ಲೋಬಿನ್ ಇಳಿದಿರುತ್ತದೆ, ಕಬ್ಬಿಣಾಂಶ ತುಂಬಿಕೊಳ್ಳಲು ವಾರಗಳು ಬೇಕು. ರಕ್ತಹೀನತೆಯೊಂದಿಗೆ ಗರ್ಭ ಧರಿಸುವುದು ನಿಮಗೂ ಮಗುವಿಗೂ ಒಳ್ಳೆಯದಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ ಅದನ್ನು ರೋಗವೆಂದೇ ಪರಿಗಣಿಸುವುದಿಲ್ಲ. ದಾನಕ್ಕೆ ಮುಂಚೆಯೇ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ) ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಎಷ್ಟು ಕಾಲ ಬಿಡಬೇಕೆಂಬುದನ್ನು ನಿಮ್ಮ ಸ್ತ್ರೀರೋಗ ತಜ್ಞರು ಮತ್ತು ದಾನದ ವೈದ್ಯರು ಪರಸ್ಪರ ಮಾತನಾಡಿ ನಿರ್ಧರಿಸಲಿ.

ಇಷ್ಟು ಹೊತ್ತು ಚಿಕಿತ್ಸೆಯ ಮಾತಾಯಿತು. ಅನುಭವದಲ್ಲಿ, ದಾನಿಯನ್ನು ಶಾಶ್ವತವಾಗಿ ತಡೆಯುವುದು ಚಿಕಿತ್ಸೆಗಿಂತ ಹೆಚ್ಚಾಗಿ ಮಕ್ಕಳಾಗದಿರುವುದರ ಹಿಂದಿನ ಕಾರಣ. ಪಿಸಿಓಎಸ್, ಎಂಡೊಮೆಟ್ರಿಯೋಸಿಸ್, ಗರ್ಭನಾಳ ಮುಚ್ಚಿರುವುದು, ಪತಿಯ ವೀರ್ಯಾಣು ಕಡಿಮೆಯಿರುವುದು ಇವು ಯಾವುವೂ ತಾವಾಗಿಯೇ ಅಡ್ಡಿಯಲ್ಲ. ಥೈರಾಯ್ಡ್ ಕಡಿಮೆಯಿದ್ದು ಮಾತ್ರೆಯಿಂದ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ಪದೇಪದೇ ಗರ್ಭ ಹೋಗಲು ಆಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ಕಾರಣ ಎಂದು ತಿಳಿದಿದ್ದರೆ ವಿಷಯ ಬೇರೆ. ಅದು ಸ್ವಂತ ದೇಹದ ವಿರುದ್ಧವೇ ಪ್ರತಿರೋಧ ಶಕ್ತಿ ಕೆಲಸ ಮಾಡುವ ಕಾಯಿಲೆ, ರಕ್ತ ಹೆಪ್ಪುಗಟ್ಟಿಸುವಂಥದ್ದು. ದಾನಿಗೂ ಅಪಾಯ, ಆ ಪ್ರತಿರೋಧ ಕೋಶಗಳು ರೋಗಿಗೆ ದಾಟುವ ಆತಂಕವೂ ಇದೆ. ಲೂಪಸ್‌ನಂಥ ರೋಗಗಳಿಗೂ ಇದೇ ಮಾತು. ಎಂಟನೆಯ ವಾರದ ನಷ್ಟದ ನಂತರ ನಿಮಗೆ ಈ ಪರೀಕ್ಷೆಗಳನ್ನು ಮಾಡಿಸಿದ್ದರೆ ವರದಿಯನ್ನು ಜೊತೆಗೆ ಒಯ್ಯಿರಿ. ಆಸ್ಪಿರಿನ್ ಅಥವಾ ಹೆಪರಿನ್ ಚುಚ್ಚುಮದ್ದು ಕೊಡುತ್ತಿದ್ದರೆ ಅದು ಏತಕ್ಕೆ ಎಂದು ನಿಮ್ಮ ವೈದ್ಯರನ್ನು ಕೇಳಿ ತಿಳಿದುಕೊಳ್ಳಿ. ಕೇವಲ ಮುನ್ನೆಚ್ಚರಿಕೆಗೆ ಕೊಟ್ಟದ್ದಾದರೆ ನಿಲ್ಲಿಸಿ ಕಾಯಬಹುದು. ಮೂಳೆಯಿಂದ ಮಜ್ಜೆ ತೆಗೆಯುವಾಗ ಆ ಔಷಧಗಳು ದೇಹದಲ್ಲಿದ್ದರೆ ರಕ್ತಸ್ರಾವ ಹೆಚ್ಚುತ್ತದೆ.

ನಮ್ಮ ದೇಶದಲ್ಲಿ ಮರೆಯಬಾರದ ಕಾರಣ ಜನನಾಂಗದ ಕ್ಷಯ. ಗರ್ಭನಾಳ, ಗರ್ಭಕೋಶದ ಒಳಪದರಗಳಿಗೆ ಸದ್ದಿಲ್ಲದೆ ತಗಲುವ ಈ ಸೋಂಕು ಭಾರತದಲ್ಲಿ ಮಕ್ಕಳಾಗದಿರುವುದಕ್ಕೆ ಒಂದು ಗಮನಾರ್ಹ ಕಾರಣ. ಅದಕ್ಕಾಗಿ ಆರು ತಿಂಗಳ ಮಾತ್ರೆ ನುಂಗಿದ ಅನೇಕರು ಅದನ್ನು ಕ್ಷಯವೆಂದು ಹೇಳಿಕೊಳ್ಳುವುದೇ ಇಲ್ಲ, ಕೆಮ್ಮು ಇರಲಿಲ್ಲವಲ್ಲ ಎಂದುಕೊಳ್ಳುತ್ತಾರೆ. ಕಸಿ ಪಡೆಯುವ ರೋಗಿಗೆ ತಿಂಗಳುಗಟ್ಟಲೆ ರೋಗನಿರೋಧಕ ಶಕ್ತಿ ಇರುವುದಿಲ್ಲವಾದ್ದರಿಂದ ಅವರಿಗೆ ಈ ಮಾಹಿತಿ ಬಹಳ ಮುಖ್ಯ. ಚಿಕಿತ್ಸೆ ಪೂರ್ಣಗೊಂಡು ಗುಣವಾಗಿದ್ದರೆ ವೈದ್ಯರು ದಾಖಲೆ ನೋಡಿ ತೀರ್ಮಾನಿಸುತ್ತಾರೆ, ನಡುವೆ ಇದ್ದರೆ ದಾನವಿಲ್ಲ.

ಗರ್ಭನಷ್ಟದ ನಂತರ ದಂಪತಿಗೆ ಕ್ಯಾರಿಯೋಟೈಪ್, ಅಂದರೆ ವರ್ಣತಂತುಗಳ ಪರೀಕ್ಷೆ, ಮಾಡಿಸುವ ರೂಢಿಯಿದೆ. ಅದರಲ್ಲಿ ಎರಡು ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದು ಕಂಡುಬಂದರೆ, ನೀವು ಪೂರ್ಣ ಆರೋಗ್ಯವಂತರಾಗಿಯೇ ಇರುತ್ತೀರಿ. ಆದರೆ ನಿಮ್ಮ ಕಾಂಡಕೋಶಗಳಲ್ಲೂ ಅದೇ ಗುರುತು ಇರುತ್ತದೆ, ಕಸಿಯ ನಂತರ ಅದು ರೋಗಿಯ ರಕ್ತದಲ್ಲಿ ಕಾಣಿಸುತ್ತದೆ. ಮೊದಲೇ ತಿಳಿದಿಲ್ಲದಿದ್ದರೆ ರೋಗಿಯ ವೈದ್ಯರು ಅದನ್ನು ಮರಳಿ ಬಂದ ಕ್ಯಾನ್ಸರಿನ ಕುರುಹೆಂದು ಭ್ರಮಿಸಬಹುದು. ಆ ವರದಿ ನಿಮ್ಮ ಕಡತದಲ್ಲಿದ್ದರೆ ತಿಳಿಸಿ.

ಚಿಕಿತ್ಸೆಯ ಭಾಗವಾಗಿ ಇನ್ನೊಬ್ಬರ ರಕ್ತಾಂಶ ಅಥವಾ ಕೋಶ ನಿಮ್ಮ ದೇಹ ಸೇರಿದೆಯೇ ಎಂಬುದೂ ಅಷ್ಟೇ ಮುಖ್ಯ. ಗರ್ಭ ಪದೇಪದೇ ಹೋಗುವವರಿಗೆ ಗಂಡನ ರಕ್ತದಿಂದ ಬೇರ್ಪಡಿಸಿದ ಬಿಳಿ ರಕ್ತಕಣಗಳಾದ ಲಿಂಫೊಸೈಟ್‌ಗಳನ್ನು ಚುಚ್ಚುವ ಪದ್ಧತಿ ನಮ್ಮಲ್ಲಿ ಕೆಲವೆಡೆ ಇನ್ನೂ ಉಳಿದಿದೆ. ಅದರ ಪ್ರಯೋಜನ ಸಾಬೀತಾಗಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2002ರಲ್ಲೇ ಅದನ್ನು ಅನುಮತಿ ಪಡೆದ ಸಂಶೋಧನೆಯ ಹೊರಗೆ ಬಳಸಬಾರದೆಂದು ಸೂಚಿಸಿತ್ತು. ಅದನ್ನು ಪಡೆದಿದ್ದರೆ, ಇಮ್ಯೂನೊಗ್ಲೊಬುಲಿನ್ ಡ್ರಿಪ್ ಅಥವಾ ರಕ್ತ ಪಡೆದಿದ್ದರೆ, ದಿನಾಂಕ ಸಹಿತ ಹೇಳಬೇಕು, ಏಕೆಂದರೆ ಸೋಂಕು ಪರೀಕ್ಷೆಗಳಲ್ಲಿ ಕಾಣಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಬೇರೊಬ್ಬ ಮಹಿಳೆಯ ಅಂಡಾಣು ಅಥವಾ ಭ್ರೂಣ ಪಡೆದವರೂ ಅದನ್ನು ತಿಳಿಸಬೇಕು. ಸ್ವಂತ ಅಂಡಾಣು ಬಳಸಿದ ನಿಮ್ಮ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ.

ಎಂಟನೆಯ ವಾರಕ್ಕೆ ಹೋದ ಆ ಗರ್ಭದ ವಿಷಯವನ್ನೂ ಹೇಳಬೇಕು. ಗರ್ಭಾವಸ್ಥೆಯಲ್ಲಿ ತಾಯಿಯ ಪ್ರತಿರೋಧ ವ್ಯವಸ್ಥೆ ಮಗುವಿನಲ್ಲಿರುವ ತಂದೆಯ ಅಂಶಗಳಿಗೆ ಪರಿಚಿತವಾಗುತ್ತದೆ. ಆ ನೆನಪು ಹೊತ್ತ ಕೋಶಗಳು ರೋಗಿಯ ದೇಹ ಸೇರಿದಾಗ, ಅದರಲ್ಲೂ ರೋಗಿ ಪುರುಷನಾಗಿದ್ದರೆ, ಕಸಿಯಾದ ಕೋಶಗಳೇ ರೋಗಿಯ ಅಂಗಗಳ ಮೇಲೆ ತಿರುಗಿಬೀಳುವ ದೀರ್ಘಕಾಲದ ತೊಂದರೆ ಹೆಚ್ಚು. ಆದ್ದರಿಂದಲೇ ವೈದ್ಯರಿಗೆ ಆಯ್ಕೆಯಿದ್ದಾಗ ವಯಸ್ಸಿನಲ್ಲಿ ಕಿರಿಯರನ್ನು, ಪುರುಷರನ್ನು ಅಥವಾ ಗರ್ಭ ಧರಿಸದ ಮಹಿಳೆಯರನ್ನು ಮೊದಲು ನೋಡುತ್ತಾರೆ. ಇದು ಅನರ್ಹತೆಯಲ್ಲ, ಹಲವರಲ್ಲಿ ಒಬ್ಬರನ್ನು ಆರಿಸುವಾಗಿನ ತೂಕ. ನಿಮ್ಮೊಬ್ಬರದೇ ಹೊಂದಾಣಿಕೆಯಾದರೆ ನಿಮ್ಮನ್ನೇ ಕೇಳುತ್ತಾರೆ. ಭ್ರೂಣ ವರ್ಗಾಯಿಸಿಯೂ ಅಂಟಿಕೊಳ್ಳದ ಆವೃತ್ತಿಯನ್ನು ಗರ್ಭವೆಂದು ಲೆಕ್ಕಿಸುವುದಿಲ್ಲ.

ಪತಿಯೂ ನೋಂದಾಯಿತ ದಾನಿಯಾಗಿದ್ದರೆ ಅವರಿಗೆ ಇಷ್ಟೊಂದು ನಿರ್ಬಂಧಗಳಿಲ್ಲ. ಅವರ ಚುಚ್ಚುಮದ್ದಿನ ದಿನಗಳು ವೀರ್ಯ ಸಂಗ್ರಹದ ದಿನದೊಂದಿಗೆ ತಾಗದಂತೆ ನೋಡಿಕೊಂಡರೆ ಸಾಕು.

ಹೊರದೇಶಗಳಲ್ಲಿರುವ ಕನ್ನಡಿಗರು ನನ್ನನ್ನು ಆಗಾಗ ಕೇಳುವ ಒಂದು ಸಂದೇಹವನ್ನೂ ಇಲ್ಲೇ ಬಿಡಿಸುತ್ತೇನೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ದಾನಿಯ ಅರ್ಜಿ ತುಂಬುವಾಗ ಮನುಷ್ಯರ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ತೆಗೆದ ಹಾರ್ಮೋನು ಪಡೆದಿದ್ದೀರಾ ಎಂಬ ಪ್ರಶ್ನೆ ಎದುರಾಗುತ್ತದೆ, ಐವಿಎಫ್ ಪಡೆದವರು ಗಾಬರಿಯಾಗುತ್ತಾರೆ. ಅದರ ಹಿಂದೆ ದುಃಖದ ಇತಿಹಾಸವಿದೆ. ಆಸ್ಟ್ರೇಲಿಯಾದಲ್ಲಿ 1967ರಿಂದ 1985ರವರೆಗೆ ಮೃತರ ಪಿಟ್ಯುಟರಿಯಿಂದ ತಯಾರಿಸಿದ, ಅಂಡಾಶಯವನ್ನು ಪ್ರಚೋದಿಸುವ ಗೊನಡೊಟ್ರೊಪಿನ್ ಹಾರ್ಮೋನನ್ನು ಮಕ್ಕಳಾಗದ ಮಹಿಳೆಯರಿಗೆ ಕೊಟ್ಟಿದ್ದರು. ವರ್ಷಗಳ ನಂತರ ಅವರಲ್ಲಿ ನಾಲ್ವರು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಎಂಬ ಮಿದುಳಿನ ಕಾಯಿಲೆಯಿಂದ ತೀರಿಕೊಂಡರು. ಇಂದಿನ ಚುಚ್ಚುಮದ್ದುಗಳು ಪ್ರಯೋಗಾಲಯದಲ್ಲಿ ಕೋಶಗಳಿಂದ ತಯಾರಾದವು ಅಥವಾ ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ ಶುದ್ಧೀಕರಿಸಿದವು, ಪಿಟ್ಯುಟರಿಯವಲ್ಲ. ಈಗ ಚಿಕಿತ್ಸೆ ಪಡೆಯುತ್ತಿರುವವರು ಆ ಪ್ರಶ್ನೆಗೆ ಇಲ್ಲ ಎಂದು ಉತ್ತರಿಸಬಹುದು.

ಕೊನೆಯದಾಗಿ ಮನೆಯ ಮಾತು. ಐವಿಎಫ್ ಅನ್ನು ಹಿರಿಯರಿಂದ ಮರೆಮಾಡಬೇಕಾದ ಪರಿಸ್ಥಿತಿ ನಮ್ಮ ಎಷ್ಟೋ ಮನೆಗಳಲ್ಲಿದೆ, ಅದರ ಭಾರ ಹೆಣ್ಣಿನ ಮೇಲೆಯೇ ಬೀಳುತ್ತದೆ ಎಂಬುದು ನನಗೆ ಬೇಸರ ತರುವ ಸಂಗತಿ. ಮನೆಯವರಿಗೆ ಹೇಳುವುದು ಬಿಡುವುದು ನಿಮ್ಮ ಇಷ್ಟ. ಸಂಸ್ಥೆಯ ವೈದ್ಯರಿಗೆ ಮಾತ್ರ ಹೇಳಲೇಬೇಕು. ದಾನಿಯ ಆರೋಗ್ಯ ವಿವರಗಳನ್ನು ಗೋಪ್ಯವಾಗಿಡುವುದು ಅವರ ಕರ್ತವ್ಯ. ಮನೆಯ ದೂರವಾಣಿಗೆ ಕರೆ ಮಾಡಬೇಡಿ, ಪತ್ರ ಕಳುಹಿಸಬೇಡಿ, ನನ್ನ ಮೊಬೈಲಿಗೆ ಇಂಥ ವೇಳೆಯಲ್ಲಿ ಮಾತ್ರ ಮಾತನಾಡಿ ಎಂದು ನೀವು ಕೇಳಬಹುದು. ವೈದ್ಯಕೀಯ ಸಂದರ್ಶನದ ವೇಳೆ ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಒಬ್ಬರೇ ಮಾತನಾಡಲೂ ಅವಕಾಶ ಕೇಳಬಹುದು.

ಸಂಯೋಜಕರಿಗೆ ಕರೆ ಮಾಡುವಾಗ ಅಂಡಾಣು ತೆಗೆದ ದಿನಾಂಕ, ಕೊನೆಯ ಮುಟ್ಟಿನ ದಿನಾಂಕ, ಈಗ ನುಂಗುತ್ತಿರುವ ಮಾತ್ರೆಗಳ ಹೆಸರು, ವರ್ಗಾವಣೆಯ ಅಂದಾಜು ದಿನ ಮತ್ತು ಹಿಂದಿನ ಗರ್ಭದ ವಿವರ ಕೈಯಲ್ಲಿರಲಿ. ಖಚಿತಪಡಿಸುವ ರಕ್ತದ ಮಾದರಿ ಕೊಡಲು, ವರ್ಗಾವಣೆಯ ಸಿದ್ಧತೆಗೆ ನುಂಗುವ ಈಸ್ಟ್ರೊಜೆನ್ ಮಾತ್ರೆಗಳು ಅಡ್ಡಿಯಲ್ಲ. ಅದರ ಫಲಿತಾಂಶ ಬಂದು, ನಿಮ್ಮನ್ನೇ ಆರಿಸಿದ್ದಾರೆಯೇ ಎಂಬುದು ತಿಳಿಯುವವರೆಗೆ ವರ್ಗಾವಣೆ ಮುಂದೂಡುವ ತೀರ್ಮಾನಕ್ಕೆ ಬರಬೇಕಾಗಿಲ್ಲ. ವರ್ಗಾವಣೆಯನ್ನೇ ಆರಿಸಿಕೊಂಡು ಗರ್ಭ ನಿಂತರೆ ಆ ಸುದ್ದಿಯನ್ನೂ, ಮುಂದೆ ಹೆರಿಗೆಯ ದಿನಾಂಕವನ್ನೂ ಸಂಸ್ಥೆಗೆ ತಿಳಿಸಿ. ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವ ಆರು ತಿಂಗಳಿಂದ ಒಂದು ವರ್ಷದ ಅವಧಿ ಕಳೆದು, ಎದೆಹಾಲು ಬಿಡಿಸಿದ ಮೇಲೆ ನಿಮ್ಮ ಹೆಸರು ಮತ್ತೆ ಚಾಲ್ತಿಗೆ ಬರುತ್ತದೆ. ನಮ್ಮಲ್ಲಿ ನೋಂದಾಯಿತ ದಾನಿಗಳ ಹೆಸರು 60ರ ಆಸುಪಾಸಿನ ವಯಸ್ಸಿನವರೆಗೆ ಪಟ್ಟಿಯಲ್ಲಿರುತ್ತದೆ.